ಅರ್ಹತೆಯ ಪುಟದ ಒಂದು ಸಾಲು

ಕೇಳುಗರಿಗೆ ನಮಸ್ಕಾರ.

ಸಂಶೋಧನೆ ಮಾಡುವವರಿಗೆ ಹಣದ ನೆರವು ನೀಡುವ ಫೆಲೋಶಿಪ್‌ಗೆ ಅರ್ಜಿ ಹಾಕುವ ವಿದ್ಯಾರ್ಥಿಗಳು ಸಂಶೋಧನಾ ಪ್ರಸ್ತಾವವನ್ನು ವಾರಗಟ್ಟಲೆ ತಿದ್ದುತ್ತಾರೆ. ಆದರೆ ‘ಈ ಹಿಂದೆ ಸಂಶೋಧನೆಗೆ ಧನಸಹಾಯ ಪಡೆದಿದ್ದೀರಾ?’ ಎಂದು ಅರ್ಹತೆಯ ಪುಟದಲ್ಲಿ ಬರುವ ಪ್ರಶ್ನೆಗೆ ಮಾತ್ರ ಅರೆಕ್ಷಣವೂ ಯೋಚಿಸದೆ ‘ಇಲ್ಲ’ ಎಂದು ಗುರುತು ಹಾಕಿಬಿಡುತ್ತಾರೆ.

ಮಲ್ಲೇಶ್ವರದ ನಮ್ಮ ನೆರೆಮನೆಯ ಎಂ.ಎಸ್ಸಿ. ವಿದ್ಯಾರ್ಥಿನಿಯೂ ಹಾಗೆಯೇ ಮಾಡಿದ್ದಳು. ಮಾತಿನ ನಡುವೆ ಪಾಸ್‌ಬುಕ್ ತಿರುವಿದಾಗ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬೇಸಿಗೆಯ ಎರಡು ತಿಂಗಳು ಕೆಲಸ ಮಾಡಿದ್ದಕ್ಕೆ ಬಂದ ಶಿಷ್ಯವೇತನ ಅಲ್ಲಿ ಜಮೆಯಾಗಿತ್ತು. ‘ಅದು ಬರೀ ರಜೆಯಲ್ಲಿ ಬಂದದ್ದು, ಸರ್, ಅದನ್ನೂ ಹೇಳಬೇಕಾ?’ ಎಂದಳು.

ಹೇಳಬೇಕೋ ಬೇಡವೋ ಎಂಬುದು ಪ್ರಶ್ನೆಯ ಕ್ರಿಯಾಪದವನ್ನು ಅವಲಂಬಿಸಿದೆ. ‘ಪಡೆಯುತ್ತಿದ್ದೀರಾ’ ಎಂದು ಕೇಳಿದ್ದರೆ ಮುಗಿದುಹೋದ ನೆರವು ಅದರೊಳಗೆ ಬರುವುದಿಲ್ಲ. ‘ಪಡೆದಿದ್ದೀರಾ’ ಎಂದು ಕೇಳಿದ್ದರೆ ಎರಡು ತಿಂಗಳದ್ದೂ ಬರುತ್ತದೆ. ಮಂಜೂರಾದರೂ ನೀವು ಬೇಡವೆಂದ ನೆರವು ಪಡೆದದ್ದಾಗುವುದಿಲ್ಲ. ನೆರವಿಗೆ ಜನ ಕರೆಯುವ ಹೆಸರನ್ನಂತೂ ನಂಬಬಾರದು. 1999ರಿಂದ 2022ರವರೆಗೆ ನಡೆದ ಕೇಂದ್ರ ಸರ್ಕಾರದ ಕಿಶೋರ್ ವೈಜ್ಞಾನಿಕ ಪ್ರೋತ್ಸಾಹನ್ ಯೋಜನೆಯಡಿ ವಿಜ್ಞಾನ ಪದವಿ ವಿದ್ಯಾರ್ಥಿಗಳಿಗೆ ಕೊನೆಯ ವರ್ಷಗಳಲ್ಲಿ ತಿಂಗಳಿಗೆ ಬರುತ್ತಿದ್ದ 5,000 ರೂಪಾಯಿಯನ್ನು ಮನೆಮಂದಿಯೆಲ್ಲ ಸ್ಕಾಲರ್‌ಶಿಪ್ ಎಂದೇ ಕರೆದರು; ಕಾಗದದಲ್ಲಿ ಮಾತ್ರ ಅದು ಫೆಲೋಶಿಪ್.

ಇಷ್ಟೆಲ್ಲ ಕೇಳುವುದಕ್ಕೆ ಕಾರಣವೂ ಇದೆ. ಒಬ್ಬರಿಗೆ ಒಂದೇ ಅವಧಿಯಲ್ಲಿ ಎರಡು ಕಡೆಯಿಂದ ಸಾರ್ವಜನಿಕ ಹಣ ಹೋಗಬಾರದು ಎಂಬುದು ಒಂದು. ಇನ್ನೊಂದು, ಅವಧಿಯ ಲೆಕ್ಕ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ, ಅಂದರೆ ಸಿಎಸ್‌ಐಆರ್‌ನ, ಕಿರಿಯ ಸಂಶೋಧನಾ ಫೆಲೋಗಳಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಹಿರಿಯರಿಗೆ 42,000 ರೂಪಾಯಿ ಸಿಗುತ್ತದೆ. ಎರಡೂ ಸೇರಿ ಐದು ವರ್ಷ ಮೀರುವಂತಿಲ್ಲ, ಮತ್ತು ಬೇರೆ ಸಂಸ್ಥೆಯಿಂದ ಹಿಂದೆ ಪಡೆದ ಸಂಶೋಧನಾ ಫೆಲೋಶಿಪ್‌ನ ತಿಂಗಳುಗಳನ್ನೂ ಆ ಐದು ವರ್ಷದಲ್ಲೇ ಹಿಡಿಯುತ್ತಾರೆ. ಅರ್ಜಿಯಲ್ಲಿ ಬಚ್ಚಿಟ್ಟದ್ದು ಈ ಲೆಕ್ಕ ಹಾಕುವಾಗ ಹೊರಬಿದ್ದರೆ, ಅಲ್ಪ ಮೊತ್ತವೂ ದೊಡ್ಡ ಸುಳ್ಳಿನಂತೆ ಕಾಣುತ್ತದೆ.

ಹೆಚ್ಚಿನವರು ಎಡವುವುದು ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಯ ವಿಷಯದಲ್ಲಿ. ಸಂಶೋಧನಾ ಯೋಜನೆಯ ಅನುದಾನ ಮಾರ್ಗದರ್ಶಕರ ಹೆಸರಿಗೆ ಬಂದದ್ದು, ಅದು ನಿಮ್ಮದಲ್ಲ. ಆದರೆ ಅದರಿಂದ ಪ್ರತಿ ತಿಂಗಳು ನಿಮ್ಮ ಖಾತೆಗೆ ಬಂದ ಸಂಬಳ ನಿಮ್ಮದೇ. ಅದು ಫೆಲೋಶಿಪ್ ಹೌದೇ ಅಲ್ಲವೇ ಎಂದು ನೀವೇ ತೀರ್ಪು ಕೊಡಲು ಹೋಗದೆ, ಷರಾ ಕಾಲಂನಲ್ಲಿ ಹುದ್ದೆ, ಅವಧಿ, ಮೊತ್ತವನ್ನು ಬರೆದು ತೀರ್ಮಾನವನ್ನು ಫೆಲೋಶಿಪ್ ಕೊಡುವವರಿಗೇ ಬಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಷರಾ ಕಾಲಂ ಇಲ್ಲದಿದ್ದರೆ ಕಚೇರಿಗೆ ಇಮೇಲ್ ಬರೆದು ಕೇಳಿ, ಬಂದ ಉತ್ತರವನ್ನು ಜೋಪಾನವಾಗಿಡಿ. ಫೋನಿನಲ್ಲಿ ಯಾರೋ ‘ಪರವಾಗಿಲ್ಲ ಬಿಡಿ’ ಎಂದದ್ದು ಮುಂದೆ ಲೆಕ್ಕಕ್ಕೆ ಬರುವುದಿಲ್ಲ.

ಆ ಹುಡುಗಿಯ ಅರ್ಜಿಯಲ್ಲಿದ್ದದ್ದು ‘ಪಡೆದಿದ್ದೀರಾ’ ಎಂಬ ಪ್ರಶ್ನೆಯೇ. ಅವಳು ‘ಇಲ್ಲ’ ಎಂಬುದನ್ನು ‘ಹೌದು’ ಎಂದು ಬದಲಾಯಿಸಿ, ‘ಬೇಸಿಗೆ ಫೆಲೋಶಿಪ್, ಎರಡು ತಿಂಗಳು, ಮುಗಿದಿದೆ’ ಎಂದು ಷರಾ ಬರೆದಳು. ಆ ಪುಟದ ಪ್ರತಿ ಈಗ ಅವಳ ಪಾಸ್‌ಬುಕ್‌ನೊಳಗಿದೆ.