ದಿನಕ್ಕೆ ಒಂದು ಗಂಟೆ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ. ತಿಂಡಿ ಪಾತ್ರೆ ಇನ್ನೂ ತೊಳೆದಿಲ್ಲ, ಸಾರಿಗೆ ಬೇಳೆ ಇಟ್ಟಾಗಿದೆ, ಮಕ್ಕಳು ಪುಸ್ತಕ ತೆರೆದು ಕಿಟಕಿ ಕಡೆ ನೋಡುತ್ತಿದ್ದಾರೆ. ಇಂಥ ಮನೆಗಳಲ್ಲಿ ರೇಡಿಯೋ ಕೇಳುತ್ತಿರುವ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇನೆ. ಅಪ್ಪಂದಿರು ಮನೆಯಲ್ಲಿದ್ದರೆ ಸ್ವಲ್ಪ ಜೋರಾಗಿ ಇಡಿ, ಅವರಿಗೂ ಕೇಳಿಸಲಿ.

ನಾನು ಹದಿನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಆಮೇಲೆ ನನ್ನ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸಿದೆ. ಟ್ಯೂಷನ್ ಅಲ್ಲ, ಶಾಲೆಗೇ ಕಳಿಸದೆ. ಹೀಗೆ ಕಲಿಸಲು ಹೊರಟವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. 'ಮೇಡಂ, ಅಡುಗೆ, ನೆಂಟರು, ಹಬ್ಬ, ಇದರ ಮಧ್ಯೆ ಪಾಠ ಮುಗಿಯೋದೇ ಇಲ್ಲ, ಏನು ಮಾಡಲಿ?' ನನ್ನ ಉತ್ತರವೂ ಒಂದೇ. ಎಂಟು ವರ್ಷದೊಳಗಿನ ಮಗುವಿಗೆ ಕೂತು ಕಲಿಯುವ ಪಾಠ ದಿನಕ್ಕೆ ಒಂದು ಗಂಟೆ ಸಾಕು. ಅರ್ಧ ಗಂಟೆ ಓದು ಬರಹ, ಅರ್ಧ ಗಂಟೆ ಲೆಕ್ಕ. ಮಿಕ್ಕದ್ದೆಲ್ಲ ಮನೆಕೆಲಸದಲ್ಲೇ ಸಿಗುತ್ತದೆ.

ಒಂದೇ ಗಂಟೆಯಾ ಎಂದು ಹೆದರಬೇಡಿ. ನನ್ನ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರು. ಒಂದು ಪೀರಿಯಡ್‌ಗೆ ನಲವತ್ತು ನಿಮಿಷ. ಹಾಜರಿ ಕರೆಯಬೇಕು, ಗಲಾಟೆ ನಿಲ್ಲಿಸಬೇಕು, ಪೆನ್ಸಿಲ್ ಕಳೆದುಕೊಂಡವನಿಗೆ ಪೆನ್ಸಿಲ್ ಹುಡುಕಬೇಕು. ಇದು ಯಾವುದೂ ಇಲ್ಲ ಅಂದುಕೊಂಡರೂ ಒಂದು ಮಗುವಿನ ಪಾಲಿಗೆ ನಾನು ಸಿಗುತ್ತಿದ್ದದ್ದು ಒಂದು ನಿಮಿಷ. ಆರು ಪೀರಿಯಡ್ ಸೇರಿದರೆ ಆರು ನಿಮಿಷ! ನೀವು ಅರವತ್ತು ನಿಮಿಷ ಕೊಡುತ್ತೀರಿ. ಅದಕ್ಕೇ ಹೇಳುವುದು, ಒಂದು ಗಂಟೆ ಸಾಕು.

ಇದು ನನಗೆ ಗಟ್ಟಿಯಾಗಿ ಅರ್ಥವಾದದ್ದು ಒಂದು ಸಂಕ್ರಾಂತಿ ವಾರದಲ್ಲಿ. ಮಗಳಿಗೆ ಆಗ ಏಳೂವರೆ, ಮಗನಿಗೆ ಐದು. ಸೋಮವಾರ ನಾನು ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದೆ. ಒಂಬತ್ತರಿಂದ ಒಂದರವರೆಗೆ, ಥೇಟ್ ಶಾಲೆಯ ಹಾಗೇ. ಹತ್ತು ಗಂಟೆಗೆಲ್ಲ ಮಗ ಮೇಜಿನ ಕೆಳಗೆ ಮಲಗಿದ್ದ. ಮಗಳಿಗೆ ಕಾಲು, ಅರೆ, ಮುಕ್ಕಾಲು ಹೇಳಿಕೊಡುತ್ತಿದ್ದೆ. ಅರ್ಧದಲ್ಲಿ ಅರ್ಧ ಎಷ್ಟು ಎಂದು ಮೂರು ಸಲ ಕೇಳಿದೆ. ನಾಲ್ಕನೇ ಸಲಕ್ಕೆ ಅವಳು ಅತ್ತುಬಿಟ್ಟಳು. ಸಂಜೆ ನಮ್ಮತ್ತೆ ಊರಿಂದ ಬಂದಿಳಿದರು, ಕೊಬ್ಬರಿ, ಬೆಲ್ಲ, ಕಡಲೆಬೀಜದ ಚೀಲಗಳ ಸಮೇತ. ಎಳ್ಳು ಬೀರಲು ಮೂವತ್ತಾರು ಮನೆ. ಪಾಠ ಅಲ್ಲಿಗೆ ನಿಂತಿತು.

ಮಂಗಳವಾರ ಅತ್ತೆ ತಮ್ಮ ಹಳೆಯ ಅಳತೆ ಪಾತ್ರೆಗಳನ್ನು ಸಾಲಾಗಿ ಇಟ್ಟರು. ಅರೆಪಾವು, ಪಾವು, ಅಚ್ಚೇರು, ಸೇರು. ಎರಡು ಅರೆಪಾವಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಮಗಳು ಹುರಿಗಡಲೆ ತುಂಬಿ ಒಂದರಿಂದ ಇನ್ನೊಂದಕ್ಕೆ ಸುರಿಯುತ್ತಾ ಕೂತಳು. ಹತ್ತು ನಿಮಿಷ ಆಗಿರಲಿಲ್ಲ, 'ಅಮ್ಮಾ, ಅಚ್ಚೇರು ಅಂದ್ರೆ ಅರ್ಧ ಸೇರು. ಅದರಲ್ಲಿ ಅರ್ಧ ಪಾವು. ಅಂದ್ರೆ ಕಾಲು ಸೇರು!' ಅಂತ ಕೂಗಿದಳು. ಹಿಂದಿನ ದಿನ ಅತ್ತದ್ದು ಇದಕ್ಕೇ ಅಲ್ವಾ?

ಅತ್ತೆಯ ಲೆಕ್ಕ ಹೀಗಿತ್ತು. ಎಳ್ಳು ಅಚ್ಚೇರು. ಕಡಲೆಬೀಜ, ಹುರಿಗಡಲೆ, ಬೆಲ್ಲ, ಕೊಬ್ಬರಿ ಒಂದೊಂದು ಸೇರು. ಒಟ್ಟು ನಾಲ್ಕೂವರೆ ಸೇರು. ಸೇರಿಗೆ ಎಂಟು ಅರೆಪಾವು. 'ಅಜ್ಜಿ, ಸರಿಯಾಗಿ 36 ಅರೆಪಾವು, ಮನೆಗೊಂದು!' ಎಂದಳು ಮಗಳು. ಬುಧವಾರ ಬೆಲ್ಲ, ಕೊಬ್ಬರಿ ಹೆಚ್ಚಿ, ಬಿಸಿಲಿಗೆ ಒಣಗಿಸಿ, ಎಲ್ಲ ಬೆರೆಸಿದೆವು. ಮಕ್ಕಳು ಅರೆಪಾವಿನಲ್ಲಿ ಅಳೆದು ಪೊಟ್ಟಣಕ್ಕೆ ತುಂಬಿದರು. ಮೂವತ್ತೆರಡು ಪೊಟ್ಟಣಕ್ಕೆ ಬೇಸಿನ್ ಖಾಲಿ. ತಳದಲ್ಲಿ ಒಂದು ಹಿಡಿ ಅಷ್ಟೇ.

ಮಗಳು ತಮ್ಮನ ಮೇಲೆ ಹರಿಹಾಯ್ದಳು, ನೀನೇ ತಿಂದೆ ಅಂತ. ಅವನು ತಿಂದಿದ್ದ ನಿಜ, ಆದರೆ ನಾಲ್ಕು ಪೊಟ್ಟಣದಷ್ಟು ಅಲ್ಲ. ನನಗೆ ಕಾರಣ ಗೊತ್ತಿತ್ತು. ಬಾಯಿ ಬಿಡಲಿಲ್ಲ. ದಯವಿಟ್ಟು ನೀವೂ ಬಾಯಿ ಬಿಡಬೇಡಿ, ಇಂಥ ಹೊತ್ತಿನಲ್ಲಿ ಉತ್ತರ ಹೇಳಿಬಿಟ್ಟರೆ ಎಲ್ಲಾ ಕೆಟ್ಟುಹೋಗುತ್ತದೆ. ಅವಳು ಮತ್ತೆ ಎಣಿಸಿದಳು. ಮತ್ತೆ ಕೂಡಿದಳು. ಕೊನೆಗೆ, 'ಕಮ್ಮಿ ಬಿದ್ದಿರೋದು ನಾಲ್ಕು ಅರೆಪಾವು. ನಾವು ಹಾಕಿದ ಎಳ್ಳೂ ನಾಲ್ಕು ಅರೆಪಾವು. ಎಳ್ಳು ಎಲ್ಲಿಗೆ ಹೋಯ್ತು?' ಎಂದಳು. ಅತ್ತೆ ಏನೂ ಹೇಳದೆ ಒಂದು ಲೋಟದ ತುಂಬ ಕಡಲೆಬೀಜ ತುಂಬಿ ಮಗನ ಮುಂದೆ ಇಟ್ಟರು, ಪಕ್ಕದಲ್ಲಿ ಒಂದು ಚಮಚ ಎಳ್ಳು. ಅವನು ಎಳ್ಳು ಸುರಿದ. ಲೋಟ ಉಕ್ಕಲಿಲ್ಲ. ಇನ್ನೊಂದು ಚಮಚ. ಆಗಲೂ ಉಕ್ಕಲಿಲ್ಲ. 'ಸಂದಿಯೊಳಗೆ ಹೋಗ್ತಿದೆ!' ಐದು ವರ್ಷದ ಹುಡುಗ ಹೇಳಿದ್ದು. ಆ ಸಂಜೆ ಅಕ್ಕ ತಮ್ಮ ಇಬ್ಬರೂ ಸೇರಿ ಅಕ್ಕಿಗೆ ಸಾಸಿವೆ, ಬಟಾಣಿಗೆ ರವೆ, ಮರಳಿಗೆ ನೀರು ಸುರಿದು ನೋಡಿದರು. ಯಾರೂ ಮೇಜಿನ ಕೆಳಗೆ ಮಲಗಲಿಲ್ಲ.

ಆ ವಾರ ಕೂತು ಮಾಡಿದ ಪಾಠ ದಿನಕ್ಕೆ ಒಂದು ಗಂಟೆ ಕೂಡ ಇಲ್ಲ. ಟೈಮ್‌ಟೇಬಲ್ ಕಿತ್ತು ಹಾಕಿದೆ. ಕಂಪ್ಯೂಟರ್‌ನಿಂದ ವರ್ಕ್‌ಶೀಟ್ ಪ್ರಿಂಟ್ ತೆಗೆದು ರಾಶಿ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಾಗದದ ಮೇಲಿನ ಸೇಬು ಎಣಿಸಲು ಮಗುವನ್ನು ಕೂರಿಸಿ, ಅಡುಗೆಮನೆಗೆ ಬಂದರೆ ಓಡಿಸುತ್ತೀರಿ. ಮಗು ಕಲಿಯುವುದು ಅಡುಗೆಮನೆಯಲ್ಲೇ ಕಣ್ರೀ.

ಇದು ನನ್ನೊಬ್ಬಳ ಹೊಸ ಮಾತೇನೂ ಅಲ್ಲ. ನಮ್ಮ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ 1995ರಲ್ಲೇ ನಲಿ-ಕಲಿ ಶುರುವಾಯಿತು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕೈಯಲ್ಲಿ ಹಿಡಿದು, ಆಡುತ್ತಾ ಕಲಿಯುತ್ತಿದ್ದರು.

ಸಮಯ ಓಡುತ್ತಿದೆ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಪರೀಕ್ಷೆ ಬಗ್ಗೆ ಈಗಲೇ ಚಿಂತೆ ಬೇಡ. ಕೇಂದ್ರ ಸರ್ಕಾರದ ಎನ್‌ಐಒಎಸ್ ಎಂಬ ಮುಕ್ತ ಶಾಲೆ 1989ರಿಂದಲೂ ಇದೆ. 14 ವರ್ಷ ತುಂಬಿದ ಮಕ್ಕಳು ಅಲ್ಲಿ ಹತ್ತನೇ ತರಗತಿ ಪರೀಕ್ಷೆಗೆ ಹೆಸರು ಕೊಡಬಹುದು. ಓದು ಮೊದಲು ಮನೆ ಮಾತಿನಲ್ಲೇ ಬರಲಿ. ಹಬ್ಬದ ಸಾಮಾನಿನ ಚೀಟಿಯನ್ನು ಮಗುವಿನ ಕೈಯಲ್ಲಿ ಬರೆಸಿ, ಅಂಗಡಿಯಲ್ಲಿ ಅದರ ಕೈಯಲ್ಲೇ ಓದಿಸಿ. ಸಕ್ಕರೆ ಅಚ್ಚು ಹುಯ್ಯುವಾಗ ಮಾತ್ರ ಮಕ್ಕಳು ದೂರ ಇರಲಿ, ಪಾಕ ತುಂಬ ಬಿಸಿ. ಆರಿದ ಮೇಲೆ ಅಚ್ಚು ಬಿಚ್ಚುವ ಕೆಲಸ ಅವರಿಗೇ ಬಿಡಿ.

ಇನ್ನೊಂದು ಕೆಲಸ ಇದೆ, ಖರ್ಚಿಲ್ಲದ್ದು. ಸಂಕ್ರಾಂತಿ ದಿನ ತಾರಸಿಯಲ್ಲಿ ಒಂದು ಕೋಲು ನೇರವಾಗಿ ನಿಲ್ಲಿಸಿ. ಹನ್ನೆರಡರಿಂದ ಒಂದು ಗಂಟೆವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿಸಿ. ಮೈಸೂರಿನಲ್ಲಿ ನೆರಳು ಎಲ್ಲಕ್ಕಿಂತ ಗಿಡ್ಡ ಆಗುವುದು ಆವತ್ತು ಹನ್ನೆರಡಕ್ಕಲ್ಲ, ಹನ್ನೆರಡೂವರೆ ದಾಟಿದ ಮೇಲೆ. ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಹೇಳಬೇಡಿ. ನಿಮಗೆ ಮಾತ್ರ ಗುಟ್ಟು ಹೇಳುತ್ತೇನೆ, ನಮ್ಮ ದೇಶದ ಗಡಿಯಾರವೆಲ್ಲ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರದ ಸೂರ್ಯನ ಲೆಕ್ಕದಲ್ಲಿ ನಡೆಯುತ್ತದೆ. ಭಾರತದ ಭೂಪಟ ತಂದು ಮಿರ್ಜಾಪುರ ಎಲ್ಲಿದೆ, ಮೈಸೂರು ಎಲ್ಲಿದೆ ಹುಡುಕಲು ಹೇಳಿ. ಸೀಮೆಸುಣ್ಣ ಮಾತ್ರ ಅವರ ಕೈಯಲ್ಲೇ ಇರಲಿ. ನಮಸ್ಕಾರ.