ಬೀರುವಿನಲ್ಲಿ ಯಾರ ಬಟ್ಟೆ?

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿದೆ. ಎರಡು ಕೋಣೆ, ಐದು ಜನ, ಒಂದು ಬೀರು. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲದ ಕಬ್ಬಿಣದ ಬೀರು; ಮದುವೆಯಾದ ವರ್ಷ ಕೊಂಡದ್ದು. ಆಗ ನಾವಿಬ್ಬರು ಮತ್ತು ಅತ್ತೆ ಮಾತ್ರ. ಈಗ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಒಂದೂವರೆ. ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಶಾಲೆಯ ಆಟೋ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದಾಗ, ಮಗಳ ಸಮವಸ್ತ್ರದ ಅಂಗಿಗೆಂದು ಬೀರುವಿಗೆ ಕೈ ಹಾಕಿ ಎಳೆದೆ. ಮೇಲಿನ ಖಾನೆಯ ಬಟ್ಟೆಯೆಲ್ಲ ನನ್ನ ತಲೆಯ ಮೇಲೆ ಬಿತ್ತು. ಅಂಗಿ ಮಾತ್ರ ಸಿಗಲಿಲ್ಲ. ಅದು ಹಿತ್ತಿಲ ಹಗ್ಗದ ಮೇಲೆ ಒದ್ದೆಯಾಗಿ ತೂಗುತ್ತಿತ್ತು.

ಅಂದು ಸಂಜೆ ನಮ್ಮ ಮನೆಯವರು, “ಇನ್ನೊಂದು ಬೀರು ತಂದುಬಿಡೋಣ” ಎಂದರು. ಇಡುವುದೆಲ್ಲಿ ಎಂದು ಕೇಳಿದೆ. ಕೋಣೆಯನ್ನು ಒಮ್ಮೆ ಸುತ್ತ ನೋಡಿ ಹೋಗಿ ಟಿವಿ ಹಾಕಿದರು.

ಭಾನುವಾರ ಪಡಸಾಲೆಯಲ್ಲಿ ಎರಡು ಚಾಪೆ ಹಾಸಿ ಬೀರುವನ್ನು ಪೂರ್ತಿ ಬರಿದು ಮಾಡಿದೆವು. ದಿನಕ್ಕೊಂದು ಖಾನೆ ಸರಿ ಮಾಡುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಮೇಲಿನದು ಕೆಳಗೆ ಹೋಗುತ್ತದೆ, ಕೆಳಗಿನದು ಮೇಲೆ ಬರುತ್ತದೆ, ಅಷ್ಟೇ. ಬಟ್ಟೆಯನ್ನು ಸೀರೆ, ಅಂಗಿ, ಟವೆಲ್ ಎಂದು ಬೇರೆ ಮಾಡದೆ, ಯಾರದು ಎಂದು ಕೇಳಿ ಗುಡ್ಡೆ ಹಾಕಿದೆವು. ಮನೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು, ಐದು ಗುಡ್ಡೆಯಾದವು. ಆರನೆಯದು ಯಾರದೂ ಅಲ್ಲದ್ದು. ಎಲ್ಲಕ್ಕಿಂತ ದೊಡ್ಡದು ಅದೇ.

ಮದುವೆ, ಗೃಹಪ್ರವೇಶ, ತೊಟ್ಟಿಲ ಶಾಸ್ತ್ರಗಳಲ್ಲಿ ಆಯೇರಿಗೆ ಬಂದ ಪ್ಯಾಂಟು, ಶರ್ಟಿನ ಬಟ್ಟೆ, ಶಲ್ಯ, ಟವೆಲ್ಲು. ಉಡಿ ತುಂಬಿದಾಗ ಬಂದ ಕುಪ್ಪಸದ ಕಣಗಳು. ಕಣಗಳನ್ನು ಮಗಳು ಎಣಿಸಿದಳು: 43. ಅವುಗಳಲ್ಲಿ ಹೊಲಿಸಿಕೊಳ್ಳಬಹುದಾದದ್ದು ಎಂದರೆ ಎರಡೋ ಮೂರೋ. ಒಂದು ಹಸಿರು ಕಣದ ಅಂಚಿನಲ್ಲಿ ಅರಿಸಿನದ ಹೆಬ್ಬೆಟ್ಟಿನ ಗುರುತಿತ್ತು. ಆ ಹೆಬ್ಬೆಟ್ಟು ನನ್ನದೇ. ಎರಡು ವರ್ಷದ ಹಿಂದೆ ಹರಿಹರದ ನಾದಿನಿಗೆ ನಾನೇ ಕೊಟ್ಟು ಕಳಿಸಿದ್ದ ಕಣ ಅದು. ಯಾವ ಯಾವ ಊರಿನ ಉಡಿಯಲ್ಲಿ ಕುಳಿತು ಬಂತೋ! ಶಾಸ್ತ್ರವನ್ನು ಹಳಿಯುತ್ತಿಲ್ಲ. ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವ ಮನೆಯಲ್ಲ ನಮ್ಮದು. ಆದರೆ ನಾಳೆ ಹೊರಡುವ ಬಟ್ಟೆಗೆ ಕಣ್ಣೆದುರಿನ ಖಾನೆ ಬಿಟ್ಟುಕೊಟ್ಟು, ನಿತ್ಯ ಉಡುವ ಬಟ್ಟೆಯನ್ನು ಮೂಲೆಗೆ ತುರುಕುತ್ತಿದ್ದೆನಲ್ಲ! ಈಗ ಬಾಗಿಲ ಹಿಂದೆ ಒಂದು ಚೀಲ ತೂಗುಹಾಕಿದ್ದೇನೆ. ಬಂದದ್ದು ಅಲ್ಲಿಗೆ, ಕೊಡುವುದು ಅಲ್ಲಿಂದ.

ಇನ್ನು ಮಗನ ಬಟ್ಟೆ. ಹುಟ್ಟಿದ ಕೂಸು ಮೊದಲ ವರ್ಷದಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದವಾಗುತ್ತದೆ, ಅಂದರೆ ಒಂದು ಗೇಣಿಗೂ ಹೆಚ್ಚು. ತೂಕ ಮೂರು ಪಟ್ಟಾಗುತ್ತದೆ. ತೊಟ್ಟಿಲಿಗೆ ಹಾಕಿದ ದಿನ ತೊಡಿಸಿದ ಜರಿಯಂಗಿ ಆರು ತಿಂಗಳಿಗೆ ತಲೆಯಲ್ಲೇ ಇಳಿಯುವುದಿಲ್ಲ. ಮಗಳ ವಯಸ್ಸಿಗಾದರೆ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳವಣಿಗೆ. ಅವಳ ಲಂಗದ ಅಂಚು ಬಿಚ್ಚಿ ಇಳಿಸಿದರೆ ಇನ್ನೊಂದು ವರ್ಷ ಬಾಳುತ್ತದೆ. ಮಗನ ಅಂಗಿಗಳಿಗೆ ಆ ಭಾಗ್ಯವಿಲ್ಲ. ಅವು ನನ್ನ ತಂಗಿಯ ಬಾಣಂತನಕ್ಕೆಂದು ರಟ್ಟಿನ ಡಬ್ಬ ಸೇರಿ ಸಜ್ಜೆ ಹತ್ತಿದವು. ಹೊಸ ಕೂಸಿಗೆ ಮೊದಲು ಹಳೆಯ ಮೆತ್ತನೆಯ ಬಟ್ಟೆಯನ್ನೇ ತೊಡಿಸುವ ಪದ್ಧತಿ ಹೇಗೂ ಇದೆಯಲ್ಲ.

ಇಲ್ಲಿ ಒಂದು ಮಾತು ತಾಯಂದಿರು ದಯವಿಟ್ಟು ಕೇಳಿಸಿಕೊಳ್ಳಬೇಕು. ಹೀಗೆ ಎತ್ತಿಡುವ ಕೂಸಿನ ಬಟ್ಟೆಯಲ್ಲಿ ನುಸಿಗುಳಿಗೆ ಹಾಕಬೇಡಿ. ಅದರ ನ್ಯಾಫ್ತಲೀನ್ ಬಟ್ಟೆಗೆ ಹತ್ತಿಕೊಂಡು, ಉಸಿರಿನಿಂದಲೂ ಚರ್ಮದಿಂದಲೂ ಕೂಸಿನ ಮೈ ಸೇರುತ್ತದೆ. ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಇದರಿಂದ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಏರಬಹುದು. ಆ ಕೊರತೆ ಮಗುವಿಗೆ ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಅಲ್ಲದೆ ನುಸಿಯ ಹುಳು ತಿನ್ನುವುದು ಉಣ್ಣೆ, ರೇಷ್ಮೆಗಳನ್ನು; ಕೂಸಿನ ಹತ್ತಿ ಅಂಗಿಗೆ ಗುಳಿಗೆಯ ಕಾವಲು ಬೇಕೇ ಇಲ್ಲ. ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಇಟ್ಟರೆ ಸಾಕು. ಚಳ್ಳಕೆರೆಯಿಂದ ತಂದ ನಮ್ಮ ಕಂಬಳಿಯನ್ನೂ ಆಗಾಗ ಬಿಸಿಲಿಗೆ ಹರಡಿ ಕೊಡವುತ್ತೇವೆ.

ಕಂಬಳಿ ಮತ್ತು ಕೌದಿಗಳನ್ನು ಬೀರುವಿನ ತಳದಲ್ಲಿ ಇಟ್ಟೆವು. ಭಾರ ತಳದಲ್ಲಿರಬೇಕು. ಬೀರುವಿನ ಬಾಗಿಲು ಹಿಡಿದು ಹತ್ತುವ ಮಗನಿದ್ದಾನೆ. ಹಿಂಬದಿಗೆ ಪಟ್ಟಿ ಕೊಟ್ಟು ಗೋಡೆಗೂ ಬಿಗಿಸಿದ್ದಾಯಿತು. ಅದರ ಮೇಲಿನ ಖಾನೆ ಮಗಳದು. ಬಟ್ಟೆಯನ್ನು ಒಂದರ ಮೇಲೊಂದು ಪೇರಿಸದೆ, ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕದ ಪುಸ್ತಕ ನಿಲ್ಲಿಸಿದಂತೆ ಮಡಿಕೆ ಮೇಲಾಗಿ ಸಾಲಾಗಿ ನಿಲ್ಲಿಸಿದೆ, ಆಸರೆಗೆ ಚಪ್ಪಲಿಯ ಡಬ್ಬಗಳು. ಒಂದು ಎಳೆದರೆ ಒಂದೇ ಬರುತ್ತದೆ. ಸಮವಸ್ತ್ರವನ್ನು ಈಗ ಅವಳೇ ತೆಗೆದುಕೊಳ್ಳುತ್ತಾಳೆ. ವಾಪಸ್ಸು ಇಡುವುದು ಇನ್ನೂ ನನ್ನ ಪಾಲಿಗೇ ಇದೆ.

ಉಳಿದದ್ದು ಅತ್ತೆಯವರ ಒಂದು ಗಂಟು. ಮಾವನವರು ಇಲ್ಲಿಯ ಹತ್ತಿ ಗಿರಣಿಯಲ್ಲಿದ್ದರು, ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ. ಗಿರಣಿ ಬಟ್ಟೆ ಎಂಟು ಗಜ, ಮಡಿಕೆ ಬಿಚ್ಚದೆ ಹಾಗೇ ಇತ್ತು. ಮಾವನವರು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ಆರನೆಯ ಗುಡ್ಡೆಗೆ ಹಾಕುವ ಧೈರ್ಯ ನನಗೂ ಇರಲಿಲ್ಲ.

ನಾನು ನನ್ನ ಮೊಳಕಾಲ್ಮೂರು ಸೀರೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆಯುತ್ತಿದ್ದೆ. ಹಳೆಯ ಮಡಿಕೆಯ ಗೆರೆಯಲ್ಲಿ ರೇಷ್ಮೆ ಸೀಳತೊಡಗಿತ್ತು. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕಿತ್ತು, ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಬೇಕಿತ್ತು. ಅತ್ತೆ ಸೀರೆಯನ್ನು ಬೆರಳಲ್ಲಿ ಸವರಿ ನೋಡಿದರು. “ಬಿಳಿ ಬಟ್ಟೆ ಎಲ್ಲಿ ಹುಡುಕುತ್ತೀಯಮ್ಮ, ಕತ್ತರಿ ಕೊಡು” ಎಂದರು. ಅಂಚಿಗೆ ಒಂದು ಕಚ್ಚು ಕೊಟ್ಟು ಎರಡೂ ಕೈಯಿಂದ ಹರಿದರು. ಇಷ್ಟು ವರ್ಷದ ಬಟ್ಟೆ ಪರ್‍ರೆಂದು ಸೀದಾ ಹರಿಯಿತು. “ಗಟ್ಟಿ ನೂಲು” ಎಂದರು. ಗಂಜಿ ಇದ್ದರೆ ಬೆಳ್ಳಿಹುಳ ಬರುತ್ತದೆಂದು ಆ ತುಂಡುಗಳನ್ನು ಎರಡು ನೀರು ಜಾಲಿಸಿ ಹಗ್ಗದ ಮೇಲೆ ಹರವಿದೆ. ಮಗಳ ಸಮವಸ್ತ್ರದ ಪಕ್ಕದಲ್ಲಿ ಅವು ಸಂಜೆಯವರೆಗೆ ಒಣಗಿದವು.

ನಮಸ್ಕಾರ.