ಪದವಿ ಪತ್ರ ಯಾವ ಭಾಷೆಯಲ್ಲಿ? ಟೆಟೊವೊ ಎಂಬ ಊರಿನ ಹತ್ತು ವರ್ಷದ ಜಗಳ

[ದೃಶ್ಯ: ಬಾಲ್ಕನ್ ನಕಾಶೆ. ಉತ್ತರ ಮ್ಯಾಸಿಡೋನಿಯದ ಗಡಿ ಬೆಳಗುತ್ತದೆ. ವಾಯವ್ಯ ಮೂಲೆಯಲ್ಲಿ ಟೆಟೊವೊ.]

ನಿರೂಪಣೆ:
ನಮಸ್ಕಾರ. ಜನಾಂಗೀಯ ಕಲಹ ತಣಿಸಲು ವಿಶ್ವವಿದ್ಯಾಲಯಗಳು ಏನು ಮಾಡಬೇಕು ಎಂದು ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ಶಾಂತಿ ಅಧ್ಯಯನ ವಿಭಾಗ ತೆರೆಯಿರಿ. ಸ್ವೀಡನ್ನಿನ ಉಪ್ಸಾಲದಲ್ಲಿ 1971ರಲ್ಲಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ 1973ರಲ್ಲಿ ಅಂಥ ವಿಭಾಗಗಳು ಬಂದವು. ದೆಹಲಿಯ ಜಾಮಿಯಾದಲ್ಲೂ ನೆಲ್ಸನ್ ಮಂಡೇಲಾ ಹೆಸರಿನ ಕೇಂದ್ರವಿದೆ. ಒಳ್ಳೆಯ ಕೆಲಸವೇ. ಆದರೆ ಶಾಂತಿಯ ಪಾಠ ಕೇಳಲು ಮೊದಲು ತರಗತಿಯೊಳಗೆ ಕಾಲಿಡಬೇಕು. ಸೀಟು ಯಾರಿಗೆ, ಪಾಠ ಯಾವ ಭಾಷೆಯಲ್ಲಿ, ಪದವಿಗೆ ಮಾನ್ಯತೆ ಕೊಡುವವರು ಯಾರು ಎಂಬಲ್ಲೇ ಕಲಹ ಶುರುವಾದರೆ ಆ ಪಠ್ಯಕ್ರಮ ಯಾರಿಗೂ ತಲುಪುವುದಿಲ್ಲ. ಟೆಟೊವೊದಲ್ಲಿ ಆದದ್ದು ಇದು.

[ದೃಶ್ಯ: 1991. ಯುಗೊಸ್ಲಾವಿಯ ಒಡೆದು ಚೂರಾಗುವ ಆನಿಮೇಷನ್.]

1991ರಲ್ಲಿ ಮ್ಯಾಸಿಡೋನಿಯ ಸ್ವತಂತ್ರವಾಯಿತು. ಬಹುಸಂಖ್ಯಾತರು ಮ್ಯಾಸಿಡೋನಿಯನ್ನರು, ಹೆಚ್ಚಿನವರು ಆರ್ಥಡಾಕ್ಸ್ ಕ್ರೈಸ್ತರು. ಸುಮಾರು ಕಾಲು ಭಾಗ ಅಲ್ಬೇನಿಯನ್ನರು, ಹೆಚ್ಚಿನವರು ಮುಸ್ಲಿಮರು. ಹೊರಗಿನಿಂದ ನೋಡಿದವರಿಗೆ ಇದು ಧರ್ಮದ ಜಗಳದಂತೆ ಕಂಡೀತು. ಅಲ್ಬೇನಿಯನ್ನರು ಕೇಳುತ್ತಿದ್ದದ್ದು ಮಾತ್ರ ತಮ್ಮ ಭಾಷೆಯ ಕಾಲೇಜು.

ಯುಗೊಸ್ಲಾವಿಯ ಇದ್ದಾಗ ಅವರ ಮಕ್ಕಳು ಪಕ್ಕದ ಕೊಸೊವೊಗೆ, ಅಲ್ಬೇನಿಯನ್‌ನಲ್ಲೂ ಪಾಠ ನಡೆಯುತ್ತಿದ್ದ ಪ್ರಿಷ್ಟಿನಾ ವಿಶ್ವವಿದ್ಯಾಲಯಕ್ಕೆ ಹೋಗಿ ಓದುತ್ತಿದ್ದರು. 1990ರ ದಶಕದ ಆರಂಭದಲ್ಲಿ ಸರ್ಬಿಯದ ಆಡಳಿತ ಅಲ್ಲಿಂದ ಅಲ್ಬೇನಿಯನ್ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಹೊರಹಾಕಿತು. ಈಚೆ ಹೊಸ ಗಡಿ, ಆಚೆ ಮುಚ್ಚಿದ ಬಾಗಿಲು. ಸ್ವದೇಶದ ರಾಜಧಾನಿ ಸ್ಕೋಪಿಯೆಯಲ್ಲಿ ಉನ್ನತ ಶಿಕ್ಷಣದ ಭಾಷೆ ಮ್ಯಾಸಿಡೋನಿಯನ್.

1994ರ ಡಿಸೆಂಬರ್‌ನಲ್ಲಿ ಅವರು ಟೆಟೊವೊದಲ್ಲಿ ತಾವೇ ಒಂದು ವಿಶ್ವವಿದ್ಯಾಲಯ ಘೋಷಿಸಿಬಿಟ್ಟರು. ಸರ್ಕಾರ ಅದನ್ನು ಅಕ್ರಮ ಎಂದಿತು. 1995ರ ಫೆಬ್ರವರಿಯಲ್ಲಿ ಪಾಠ ಶುರುವಾದ ಕೂಡಲೇ ಪೊಲೀಸರು ನುಗ್ಗಿದರು. ಗಲಭೆಯಲ್ಲಿ ಒಂದು ಜೀವ ಹೋಯಿತು. ವಿಶ್ವವಿದ್ಯಾಲಯದ ಮುಖ್ಯಸ್ಥ (ರೆಕ್ಟರ್) ಫಾದಿಲ್ ಸುಲೇಮಾನಿ ಜೈಲು ಸೇರಿದರು. ಆದರೂ ಪಾಠ ನಿಲ್ಲಲಿಲ್ಲ. ಖಾಸಗಿ ಮನೆಗಳಲ್ಲಿ ತರಗತಿಗಳು ನಡೆದವು. ವಿದ್ಯಾರ್ಥಿಗಳು ವರ್ಷಗಟ್ಟಲೆ ಓದಿದರು, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಬಾರದ ಪದವಿಗಾಗಿ.

[ದೃಶ್ಯ: ಸ್ಕೋಪಿಯೆ ವಿಶ್ವವಿದ್ಯಾಲಯದ ಹಳೆಯ ಚಿತ್ರ. ಅಡಿಯಲ್ಲಿ: 1949.]

ಒಂದು ಕಾಲೇಜಿಗೆ ಸರ್ಕಾರ ಇಷ್ಟೇಕೆ ಹೆದರಿತು? ಈ ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲೋಣ, ಏಕೆಂದರೆ ಬಹುಸಂಖ್ಯಾತರನ್ನು ಖಳರನ್ನಾಗಿಸಿ ಮುಂದೆ ಹೋಗುವುದು ಸುಲಭ.

ಮ್ಯಾಸಿಡೋನಿಯನ್ ಭಾಷೆಗೆ ಅಧಿಕೃತ ವರ್ಣಮಾಲೆ, ಕಾಗುಣಿತ ಸಿಕ್ಕಿದ್ದು 1945ರಲ್ಲಿ. ಸ್ಕೋಪಿಯೆ ವಿಶ್ವವಿದ್ಯಾಲಯ ಬಂದದ್ದು 1949ರಲ್ಲಿ. ಬಲ್ಗೇರಿಯ ಆ ಭಾಷೆಯನ್ನು ತನ್ನ ಉಪಭಾಷೆ ಎನ್ನುತ್ತಿತ್ತು. ಗ್ರೀಸ್ ದೇಶದ ಹೆಸರನ್ನೇ ಒಪ್ಪಲಿಲ್ಲ; ಕೊನೆಗೆ 2019ರಲ್ಲಿ 'ಉತ್ತರ ಮ್ಯಾಸಿಡೋನಿಯ' ಎಂದು ಬದಲಿಸಬೇಕಾಯಿತು. ಇಂಥ ಜನಕ್ಕೆ, ಒಂದು ಭಾಷೆಯನ್ನು ಆಳುವ ಭಾಷೆಯಾಗಿ ನಿಲ್ಲಿಸುವುದು ವಿಶ್ವವಿದ್ಯಾಲಯ ಎಂಬುದು ಸ್ವಂತ ಅನುಭವದಿಂದ ಗೊತ್ತಿತ್ತು. ತಮ್ಮದು ಹಾಗೆ ನಿಂತಿತ್ತು, ಎದುರಿನವರದೂ ನಿಂತೀತು ಎಂಬ ಲೆಕ್ಕಾಚಾರ ತಪ್ಪೇನೂ ಆಗಿರಲಿಲ್ಲ. ಅದಕ್ಕೆ ಲಾಠಿ ಎತ್ತಿದ್ದು ತಪ್ಪು.

1997ರಲ್ಲಿ ಸರ್ಕಾರ ಸ್ವಲ್ಪ ಬಾಗಿ, ಸ್ಕೋಪಿಯೆಯ ಶಿಕ್ಷಕರ ತರಬೇತಿ ವಿಭಾಗದಲ್ಲಿ ಅಲ್ಬೇನಿಯನ್ ಬಳಸಲು ಕಾನೂನು ತಂದಿತು. ಆಗ ಬೀದಿಗಿಳಿದು ವಿರೋಧಿಸಿದವರು ಮ್ಯಾಸಿಡೋನಿಯನ್ ವಿದ್ಯಾರ್ಥಿಗಳು. ಓದಿದವರಲ್ಲಿ ದ್ವೇಷ ಕಡಿಮೆ ಎಂದು ನಂಬುವವರು ಈ ವರ್ಷವನ್ನು ನೆನಪಿಟ್ಟುಕೊಳ್ಳಬೇಕು.

[ದೃಶ್ಯ: ಮ್ಯಾಕ್ಸ್ ವಾನ್ ಡೆರ್ ಸ್ಟೂಲ್ ಭಾವಚಿತ್ರ.]

ಈಗ ಬರುವವರು ನೆದರ್ಲೆಂಡ್ಸಿನ ಮಾಜಿ ವಿದೇಶಾಂಗ ಸಚಿವ ಮ್ಯಾಕ್ಸ್ ವಾನ್ ಡೆರ್ ಸ್ಟೂಲ್. ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರ ವಿಷಯದ ಮೊದಲ ಹೈ ಕಮಿಷನರ್. ಪತ್ರಿಕಾಗೋಷ್ಠಿಗಿಂತ ಮುಚ್ಚಿದ ಕೋಣೆಯ ಮಾತುಕತೆಯನ್ನು ನಂಬಿದವರು. ಅವರು ಹಿಡಿದ ದಾರಿ ಜಾಣತನದ್ದು. ಸರ್ಕಾರಿ ವಿಶ್ವವಿದ್ಯಾಲಯ ಬೇಡ, ಲಾಭಕ್ಕಲ್ಲದ ಖಾಸಗಿ ಸಂಸ್ಥೆ ಇರಲಿ. ಅಲ್ಬೇನಿಯನ್ ಒಂದೇ ಬೇಡ. ಅಲ್ಬೇನಿಯನ್, ಮ್ಯಾಸಿಡೋನಿಯನ್, ಇಂಗ್ಲಿಷ್ ಮೂರೂ ಇರಲಿ. ಇಂಗ್ಲಿಷ್ ಇಬ್ಬರಿಗೂ ಪರಭಾಷೆ. ಅಲ್ಲಿ ಯಾರೂ ಯಾರ ಮುಂದೂ ತಲೆತಗ್ಗಿಸಬೇಕಿಲ್ಲ. (ನಮ್ಮ ದೇಶದಲ್ಲೂ ಇಂಗ್ಲಿಷ್ ಉಳಿದುಕೊಂಡದ್ದಕ್ಕೆ ಇದೂ ಒಂದು ಕಾರಣ. ಆ ಚರ್ಚೆಗೆ ಇಳಿದರೆ ಈ ವಿಡಿಯೋ ಮುಗಿಯುವುದಿಲ್ಲ.)

2000ದ ಉನ್ನತ ಶಿಕ್ಷಣ ಕಾನೂನು ದಾರಿ ತೆರೆಯಿತು. ಐರೋಪ್ಯ ಒಕ್ಕೂಟ, ಅಮೆರಿಕ, ನೆದರ್ಲೆಂಡ್ಸ್ ಹಣ ಕೊಟ್ಟವು. ಆದರೆ 2001ರ ಮಾರ್ಚ್‌ನಲ್ಲಿ ಟೆಟೊವೊದ ಗುಡ್ಡಗಳಿಂದಲೇ ಗುಂಡು ಹಾರತೊಡಗಿತು. ಅಲ್ಬೇನಿಯನ್ ಬಂಡುಕೋರರು ಮತ್ತು ಸೇನೆ ನಡುವೆ ಯುದ್ಧ. ಅದೇ ವರ್ಷ ನವೆಂಬರ್‌ನಲ್ಲಿ ಸ್ಟೂಲ್ ಅವರ ಆ ಮೂರು ಭಾಷೆಗಳ ಸಂಸ್ಥೆ, ಆಗ್ನೇಯ ಯುರೋಪ್ ವಿಶ್ವವಿದ್ಯಾಲಯ, ಅದೇ ಊರಿನಲ್ಲಿ ಬಾಗಿಲು ತೆರೆಯಿತು.

[ದೃಶ್ಯ: ಪರದೆ ಮೇಲೆ ದೊಡ್ಡದಾಗಿ: ಶೇ 20.]

ನಡುವೆ, ಆಗಸ್ಟ್ 13ರಂದು, ಯುದ್ಧ ನಿಲ್ಲಿಸುವ ಓಹ್ರಿದ್ ಒಪ್ಪಂದಕ್ಕೆ ಸಹಿ ಬಿತ್ತು. ಅದರಲ್ಲಿ ಒಂದು ಸಾಲು: ಜನಸಂಖ್ಯೆಯ ಕನಿಷ್ಠ ಶೇ 20ರಷ್ಟು ಮಂದಿ ಆಡುವ ಭಾಷೆಗಳಲ್ಲಿ ವಿಶ್ವವಿದ್ಯಾಲಯ ಶಿಕ್ಷಣಕ್ಕೆ ಸರ್ಕಾರ ಹಣ ಕೊಡುತ್ತದೆ. ಅಲ್ಬೇನಿಯನ್ ಎಂಬ ಹೆಸರೇ ಆ ಸಾಲಿನಲ್ಲಿಲ್ಲ. 2002ರ ಜನಗಣತಿಯಲ್ಲಿ ಅಲ್ಬೇನಿಯನ್ನರು ಶೇ 25.17, ತುರ್ಕರು ಶೇ 4ಕ್ಕೂ ಕಡಿಮೆ. ಗೆರೆ ಎಲ್ಲಿ, ಯಾರಿಗಾಗಿ ಎಳೆದದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಅಂದಿನಿಂದ ಜನಗಣತಿಯೇ ರಾಜಕೀಯ ಜಗಳದ ವಿಷಯವಾಯಿತು. 2011ರ ಎಣಿಕೆ ಅರ್ಧಕ್ಕೇ ನಿಂತು, ಮುಂದಿನದು ನಡೆದದ್ದು 2021ರಲ್ಲಿ.

2004ರಲ್ಲಿ ಹಳೆಯ 'ಅಕ್ರಮ' ವಿಶ್ವವಿದ್ಯಾಲಯಕ್ಕೂ ಸರ್ಕಾರಿ ಮಾನ್ಯತೆ ಸಿಕ್ಕಿತು. 2016ರಲ್ಲಿ ಸ್ಕೋಪಿಯೆಯಲ್ಲಿ ಇನ್ನೊಂದು ಬಂತು, ಮದರ್ ತೆರೇಸಾ ಹೆಸರಿನಲ್ಲಿ. ನಮಗೆ ಕೋಲ್ಕತ್ತದವರಾದ ತೆರೇಸಾ 1910ರಲ್ಲಿ ಹುಟ್ಟಿದ್ದು ಆ ಊರಿನ ಅಲ್ಬೇನಿಯನ್ ಕುಟುಂಬದಲ್ಲಿ.

ಹಾಗಾದರೆ ಗೆದ್ದಂತಾಯಿತೇ? ಪದವಿಗಾಗಿ ಯಾರೂ ಗುಂಡು ತಿನ್ನಬೇಕಾಗಿಲ್ಲ, ಇದು ಸಣ್ಣ ಸಾಧನೆಯಲ್ಲ. ಅಲ್ಬೇನಿಯನ್ ಯುವಕರು ಪದವೀಧರರಾಗಿ ಸರ್ಕಾರಿ ಕಚೇರಿಗಳನ್ನು ಸೇರಲು ದಾರಿಯಾಯಿತು. ಆದರೆ ಮೂರು ಭಾಷೆಗಳ ಆ ವಿಶ್ವವಿದ್ಯಾಲಯದಲ್ಲೂ ಹೆಚ್ಚಿನವರು ಅಲ್ಬೇನಿಯನ್ನರೇ. ಮ್ಯಾಸಿಡೋನಿಯನ್ ವಿದ್ಯಾರ್ಥಿಗಳು ಹೆಚ್ಚಾಗಿ ಸ್ಕೋಪಿಯೆಯ ಹಳೆಯ ವಿಶ್ವವಿದ್ಯಾಲಯಕ್ಕೇ ಹೋಗುತ್ತಾರೆ. ಒಂದೇ ಬೆಂಚಿನಲ್ಲಿ ಕೂರಿಸುತ್ತೇವೆ ಎಂದು ಹೊರಟ ಯೋಜನೆ, ಇಬ್ಬರಿಗೂ ಬೇರೆ ಬೇರೆ ಬೆಂಚು ಸಿಗುವಂತೆ ಮಾಡಿತು. ನನ್ನ ಮಟ್ಟಿಗೆ ಹೇಳುವುದಾದರೆ, 1995ರ ನಂತರ ಅಷ್ಟಾದರೂ ಆಗಲೇಬೇಕಿತ್ತು. ಬೆಂಚಿಲ್ಲದವನಿಗೆ ಸೌಹಾರ್ದದ ಪಾಠ ಹೇಳುವುದು ಅವಮಾನ.

[ದೃಶ್ಯ: ನಕಾಶೆ ಹಿಂದೂ ಮಹಾಸಾಗರಕ್ಕೆ ಸರಿಯುತ್ತದೆ. ಶ್ರೀಲಂಕಾ.]

ಇದಕ್ಕೆ ತಿರುಗುಮುರುಗಾದ ಕಥೆ ನಮ್ಮ ಪಕ್ಕದಲ್ಲೇ ಇದೆ. 1970ರ ದಶಕದ ಆರಂಭದಲ್ಲಿ ಶ್ರೀಲಂಕಾ ಸರ್ಕಾರ ವಿಶ್ವವಿದ್ಯಾಲಯ ಪ್ರವೇಶದ ಅಂಕಗಳನ್ನು ಭಾಷಾ ಮಾಧ್ಯಮದ ಆಧಾರದಲ್ಲಿ ಹೊಂದಿಸತೊಡಗಿತು. ವೈದ್ಯಕೀಯ, ಎಂಜಿನಿಯರಿಂಗ್ ಸೀಟಿಗೆ ತಮಿಳು ಮಾಧ್ಯಮದವರು ಸಿಂಹಳ ಮಾಧ್ಯಮದವರಿಗಿಂತ ಹೆಚ್ಚು ಅಂಕ ಗಳಿಸಬೇಕಾಯಿತು. ಆ ಲೆಕ್ಕಾಚಾರ ಜಾಫ್ನಾದ ಹುಡುಗರನ್ನು ಎಲ್ಲಿಗೆ ಒಯ್ದಿತು ಎಂಬುದು ಮುಂದಿನ ವಿಡಿಯೋದಲ್ಲಿ.